ಸಾಕ್ಷಿ ಹೇಳಿ ಮುಗಿದ ಮೇಲೆ

(ಮೈಸೂರಿನ ಸಭೆಯೊಂದರಲ್ಲಿ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ ದಿನಗಳ ಸಂಜೆ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೂಟಕ್ಕೆ ಬರಲಾಗದ ಕೆಲವರು ಕೇಳಿದ್ದರಿಂದ ಬರೆದು ಕೊಡುತ್ತಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ಸಭಾಪಾಲಕರೇ, ಸಭೆಯ ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೊಸ ವರ್ಷದ ಮೊದಲ ಭಾನುವಾರ ನಾವೆಲ್ಲ ಎದ್ದು ನಿಂತು ಒಡಂಬಡಿಕೆಯ ಪ್ರಾರ್ಥನೆ ಮಾಡಿದೆವು. ಇನ್ನು ಮೇಲೆ ನಾನು ನನ್ನವನಲ್ಲ, ನಿನ್ನವನು. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಕಷ್ಟಕ್ಕೆ ಒಪ್ಪಿಸಿದರೂ ಸರಿ. ತುಂಬಿಸಿದರೂ ಸರಿ, ಬರಿದು ಮಾಡಿದರೂ ಸರಿ ಎನ್ನುವ ಅರ್ಥದ ಪ್ರಾರ್ಥನೆ ಅದು. ಗಟ್ಟಿಯಾಗಿಯೇ ಹೇಳಿದೆವು. ಮನೆಗೆ ಹೋಗುವಾಗ ವಾಗ್ದಾನದ ಕಾರ್ಡು ತೆಗೆದುಕೊಂಡು ಹೋಗಿ ಬೀರುವಿನ ಬಾಗಿಲಿಗೋ ಫ್ರಿಜ್ಜಿಗೋ ಅಂಟಿಸಿದೆವು. ಈಗ ಲೆಂಟ್ ಬಂದಿದೆ. ಕಾರ್ಡು ಅಲ್ಲೇ ಇದೆ. ಒಡಂಬಡಿಕೆ ಎಲ್ಲಿಗೆ ಬಂತು ಎಂದು ನಾನು ಕೇಳುವುದಿಲ್ಲ. ಕೇಳಿದರೆ ಈ ವೇದಿಕೆಯ ಮೇಲೆ ಕೂತವರೂ ಸೇರಿ ಎಲ್ಲರೂ ನೆಲ ನೋಡಬೇಕಾಗುತ್ತದೆ.

ಈ ಆರಾಧನೆ ನಮಗೆ ವೆಸ್ಲಿಯನ್ ಮಿಷನ್ನಿನವರಿಂದ ಬಂದದ್ದು. ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯವರು ಇದನ್ನು ಮೊದಲು ನಡೆಸಿದ್ದು ಲಂಡನ್ನಿನಲ್ಲಿ, 1755ರ ಆಗಸ್ಟ್ 11ರಂದು. 1947ರಲ್ಲಿ ಹಲವು ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ ಆದ ಮೇಲೂ ನಾವು ಇದನ್ನು ಬಿಡಲಿಲ್ಲ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದು ಸಂಗತಿ: ಇದು ವರ್ಷ ವರ್ಷವೂ ಬರುತ್ತದೆ. ದೀಕ್ಷಾಸ್ನಾನ ಜೀವಮಾನಕ್ಕೆ ಒಂದೇ ಸಲ. ಒಡಂಬಡಿಕೆ ಮಾತ್ರ ಪ್ರತಿ ವರ್ಷ. ಇದನ್ನು ರೂಢಿಗೆ ತಂದವರಿಗೆ ಜನ ಹೋದ ವರ್ಷದ ಮಾತನ್ನು ಉಳಿಸಿಕೊಂಡಿರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮತ್ತೆ ಬನ್ನಿ ಎಂದು ಕರೆದರು.

ಇವತ್ತಿನ ಮಾತಿಗೆ ಕಾರಣ ಒಂದು ಪ್ರಶ್ನೆ. ಕೇಳಿದವರು ಮಂಡ್ಯದ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಬೇಡ. ಅವರ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಮಾತು ತೊದಲುತ್ತದೆ. ಈ ತಂಗಿ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅಡುಗೆಮನೆಯಲ್ಲೇ ಕೂತು ಬೈಬಲ್ ಓದಿ, 'ಪ್ರಭುವೇ, ಇವತ್ತೊಂದು ದಿನ ಅತ್ತೆ ಮೇಲೆ ರೇಗದ ಹಾಗೆ ಕಾಪಾಡು' ಎಂದು ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ರಾಗಿ ಗಂಜಿ ಕಾಯಿಸಿ, ಆರಿಸಿ, ಚಮಚದಲ್ಲಿ ತಿನ್ನಿಸಲು ಕೂರುತ್ತಾರೆ. ಎರಡು ಚಮಚ ಒಳಗೆ ಹೋಗುತ್ತದೆ. ಮೂರನೆಯದಕ್ಕೆ ಮುದುಕಿ ಮುಖ ತಿರುಗಿಸುತ್ತದೆ. ಗಂಜಿ ಗಲ್ಲದ ಮೇಲಿಂದ ಇಳಿದು ಆಗಷ್ಟೇ ಬದಲಾಯಿಸಿದ ಬೆಡ್‌ಶೀಟಿನ ಮೇಲೆ ಬೀಳುತ್ತದೆ. ಆ ಕಡೆ ಕುಕ್ಕರ್ ಕೂಗುತ್ತಿದೆ, ಮಗನ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿದೆ. 'ಬೇಕೂಂತ್ಲೇ ಮಾಡ್ತೀರಲ್ಲ ನೀವು!' ಮಾತು ಬಾಯಿಂದ ಬಿದ್ದೇ ಹೋಯಿತು. ಮುದುಕಿಯ ಕಣ್ಣಲ್ಲಿ ನೀರು. ಆಮೇಲೆ ಬಚ್ಚಲಲ್ಲಿ ಆ ಬೆಡ್‌ಶೀಟು ಉಜ್ಜುತ್ತಾ ಇವರೂ ಅಳುತ್ತಾರೆ.

ಅವರು ನನ್ನನ್ನು ಕೇಳಿದ್ದು: 'ಅಣ್ಣ, ಪ್ರಾರ್ಥನೆ ಮಾಡಿದ ದಿನವೇ ಜಾಸ್ತಿ ರೇಗ್ತೀನಿ. ಮಾಡೋದೇ ಬಿಟ್ಟುಬಿಡ್ಲಾ?'

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನೂ ಹೆಚ್ಚು ಪ್ರಾರ್ಥನೆ ಮಾಡಿ ಅನ್ನುತ್ತಾರೆ, ಉಪವಾಸ ಹಿಡಿಯಿರಿ ಅನ್ನುತ್ತಾರೆ, ನಂಬಿಕೆ ಸಾಲದು ಅನ್ನುತ್ತಾರೆ. ಈ ಕೊನೆಯ ಮಾತಂತೂ ಬಿದ್ದವರ ಬೆನ್ನ ಮೇಲೆ ಇನ್ನೊಂದು ಗುದ್ದು. ದಯವಿಟ್ಟು ಯಾರಿಗೂ ಹೇಳಬೇಡಿ.

ಯೇಸುವಿನ ಸುವಾರ್ತೆ ಸಾರುತ್ತಾ ತಿರುಗಿದ ಪೌಲನ ಮಾತನ್ನು ನೆನೆಸಿಕೊಳ್ಳಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯ. ಒಳ್ಳೆಯದನ್ನು ಮಾಡಬೇಕು ಎನ್ನುವ ಮನಸ್ಸು ನನ್ನಲ್ಲಿದೆ, ಮಾಡುವ ಶಕ್ತಿ ಇಲ್ಲ. ಬೇಕೆಂದ ಒಳ್ಳೆಯದು ಆಗುವುದಿಲ್ಲ, ಬೇಡವೆಂದ ಕೆಟ್ಟದ್ದೇ ನನ್ನಿಂದ ನಡೆಯುತ್ತದೆ ಎನ್ನುತ್ತಾನೆ. ಇದು ಪೌಲ ಕ್ರಿಸ್ತನನ್ನು ಅರಿಯುವ ಮುಂಚಿನ ಸ್ಥಿತಿಯೋ ಅರಿತ ಮೇಲಿನದೋ ಎಂದು ಪಂಡಿತರು ಶತಮಾನಗಳಿಂದ ಜಗಳ ಆಡುತ್ತಿದ್ದಾರೆ. ಆಡಲಿ. ಬಚ್ಚಲಲ್ಲಿ ಬೆಡ್‌ಶೀಟು ಉಜ್ಜುವವರಿಗೆ ಇದು ತಮ್ಮದೇ ಸ್ಥಿತಿ ಎಂದು ಗೊತ್ತಾಗಲು ಪಂಡಿತರು ಬೇಕಿಲ್ಲ. ಅವರಿಗೆ ಒಳ್ಳೆಯ ಮನಸ್ಸಿಲ್ಲ ಎಂದು ಯಾರಾದರೂ ಹೇಳುವುದಕ್ಕೆ ಆಗುತ್ತದೆಯೇ? ಮನಸ್ಸಿದೆ. ಕಷ್ಟ ಇರುವುದು ಅಲ್ಲಿಂದ ಮುಂದೆ.

ಈಗ ಯೇಸುವಿನ ಶಿಷ್ಯ ಪೇತ್ರನ ವಿಷಯಕ್ಕೆ ಬರುತ್ತೇನೆ. ಕಥೆ ನಿಮಗೆಲ್ಲ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಆದರೂ ಅಲ್ಲಲ್ಲಿ ನಿಂತು ನೋಡೋಣ.

ಕಡೆಯ ರಾತ್ರಿಯ ಊಟದಲ್ಲಿ ಅವನು ಹೇಳುತ್ತಾನೆ: ಸೆರೆಮನೆಗಾದರೂ ಸರಿ, ಸಾಯುವುದಕ್ಕಾದರೂ ಸರಿ, ನಿನ್ನ ಜೊತೆ ಬರುತ್ತೇನೆ. ಇದು ಪೇತ್ರನ ಜಂಭ ಎಂದು ನಾವು ಪ್ರಸಂಗ ಮಾಡುತ್ತೇವೆ. ನಾನು ಒಪ್ಪುವುದಿಲ್ಲ. ಅದೇ ರಾತ್ರಿ ತೋಟದಲ್ಲಿ ಪಂಜು, ದೀಪ, ಆಯುಧ ಹಿಡಿದು ಬಂದ ದೊಡ್ಡ ಗುಂಪಿನ ಎದುರು ಕತ್ತಿ ಹಿರಿದು ಮಲ್ಕನೆಂಬ ಆಳಿನ ಬಲಗಿವಿಯನ್ನು ಕತ್ತರಿಸಿದವನು ಇವನೇ. ಹನ್ನೊಂದು ಜನ ಶಿಷ್ಯರು, ಎದುರಿಗೆ ಸಿಪಾಯಿಗಳ ತಂಡ. ಅಲ್ಲಿ ಕತ್ತಿ ಎತ್ತುವುದೆಂದರೆ ಸಾಯಲು ತಯಾರು ಎಂದೇ ಅರ್ಥ. ಊಟದ ಮನೆಯಲ್ಲಿ ಆಡಿದ ಮಾತು ಬಾಯಿಮಾತಲ್ಲ. ಯೇಸು ಆ ಕತ್ತಿಯನ್ನು ಒರೆಗೆ ಹಾಕಿಸಿದ. ತನಗೆ ಗೊತ್ತಿದ್ದ ಒಂದೇ ರೀತಿಯ ಧೈರ್ಯ ಇಲ್ಲಿ ಬೇಡ ಎಂದಾಗ ಪೇತ್ರನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಸೋತದ್ದು ಎಲ್ಲಿ? ಮಹಾಯಾಜಕನ ಅಂಗಳದಲ್ಲಿ. ಚಳಿ ಇತ್ತು, ಆಳುಗಳು ಇದ್ದಲಿನ ಬೆಂಕಿ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು ಎಂದು ಯೋಹಾನ ಬರೆಯುತ್ತಾನೆ. ಬಾಗಿಲು ಕಾಯುವ ಹುಡುಗಿ ಕೇಳಿದಳು, ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವೇ? ಅಷ್ಟೇ. ಅಲ್ಲ ಎಂದುಬಿಟ್ಟ. ಕತ್ತಿಯ ಮುಂದೆ ನಿಂತವನು ಒಂದು ಪ್ರಶ್ನೆಯ ಮುಂದೆ ಕುಸಿದ. ಮೂರನೆಯ ಸಲ ಕೇಳಿದವನು ಯಾರು ಗೊತ್ತೇ? ಕಿವಿ ಕತ್ತರಿಸಿಕೊಂಡ ಆ ಮಲ್ಕನ ಸಂಬಂಧಿ. ನಿನ್ನನ್ನು ತೋಟದಲ್ಲಿ ನಾನು ನೋಡಲಿಲ್ಲವೇ ಎಂದು ಕೇಳುತ್ತಾನೆ. ಪೇತ್ರ ಮತ್ತೆ ಅಲ್ಲ ಎಂದ, ಕೋಳಿ ಕೂಗಿತು. ತನ್ನ ಸಾಹಸವೇ ತನ್ನನ್ನು ಹಿಡಿದುಕೊಟ್ಟಿತು.

ನಮ್ಮ ನಿರ್ಧಾರಗಳೂ ಹೀಗೇ ಕೆಡುತ್ತವೆ. ನಾವು ತಯಾರಾಗುವುದು ದೊಡ್ಡ ಪರೀಕ್ಷೆಗೆ. ನಂಬಿಕೆಗೋಸ್ಕರ ಹಿಂಸೆ ಬಂದರೆ ಏನು ಮಾಡುವುದು ಎಂದು ಯುವಕರ ಕೂಟದಲ್ಲಿ ಚರ್ಚೆ ಮಾಡುತ್ತೇವೆ. ಬರುವುದು ಮೂರನೆಯ ಚಮಚ ಗಂಜಿ. ಆಫೀಸಿನಲ್ಲಿ, 'ಈ ಬಿಲ್ಲಿನಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಸಾರ್, ಎಲ್ಲರೂ ಮಾಡ್ತಾರೆ' ಎನ್ನುವ ಒಂದು ಮಾತು.

ಇನ್ನೊಂದು ಸಂಗತಿ ಇದೆ, ಲೂಕನ 22ನೆಯ ಅಧ್ಯಾಯದಲ್ಲಿ. ನನಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದು. ಪೇತ್ರ ತನ್ನ ಶಪಥ ಮಾಡುವುದಕ್ಕೆ ಮುಂಚೆಯೇ ಯೇಸು ಅವನನ್ನು ಸೀಮೋನ ಎನ್ನುವ ಹಳೆಯ ಹೆಸರಿನಿಂದ ಕರೆದು ಹೇಳಿದ್ದಾನೆ: ಸೀಮೋನನೇ, ಸೈತಾನನು ನಿಮ್ಮನ್ನು ಗೋಧಿಯಂತೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. ಈ ಮಾತುಗಳ ಕ್ರಮ ನೋಡಿ. ಶಪಥ ಇನ್ನೂ ಆಗಿಲ್ಲ, ಸೋಲು ಇನ್ನೂ ಆಗಿಲ್ಲ, ಕೋಳಿ ಇನ್ನೂ ಕೂಗಿಲ್ಲ. ಪ್ರಾರ್ಥನೆ ಆಗಲೇ ಮುಗಿದಿದೆ. ತಿರುಗಿ ಬಂದ ಮೇಲೆ ಮಾಡಬೇಕಾದ ಕೆಲಸವನ್ನೂ ಆಗಲೇ ಒಪ್ಪಿಸಿ ಆಗಿದೆ. ಬೀಳದ ಹಾಗೆ ಮಾಡು ಎಂದು ಯೇಸು ಬೇಡಿಕೊಂಡ ಎಂದು ಅಲ್ಲಿ ಬರೆದಿಲ್ಲ. ಬಿದ್ದಾಗಲೂ ನಂಬಿಕೆ ಆರಿಹೋಗದಿರಲಿ ಎಂದು ಬೇಡಿಕೊಂಡ.

ಹಾಗಾದರೆ ಪೇತ್ರ ಎದ್ದು ನಿಂತದ್ದು ಯಾವುದರಿಂದ? ಅವನ ಪಶ್ಚಾತ್ತಾಪ ಗಟ್ಟಿಯಾಗಿತ್ತು ಎಂದು ಅಲ್ಲ. ಅತ್ತಿದ್ದು ನಿಜ, ಬಹಳ ವ್ಯಥೆಪಟ್ಟು ಅತ್ತ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪ ಪಟ್ಟ, ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೆ ಕೊಟ್ಟ, ತಪ್ಪು ಮಾಡಿದೆ ಎಂದು ಬಾಯಿ ಬಿಟ್ಟು ಒಪ್ಪಿಕೊಂಡ. ಲೆಕ್ಕ ಹಾಕಿದರೆ ಯೂದನ ಪಶ್ಚಾತ್ತಾಪ ಪೇತ್ರನದಕ್ಕಿಂತ ಪೂರ್ತಿ. ಆದರೆ ಯೂದ ಹೋಗಿ ಒಪ್ಪಿಸಿದ್ದು ಯಾಜಕರ ಹತ್ತಿರ. ಅವರು, ಅದು ನಮಗೇನು, ನೀನೇ ನೋಡಿಕೋ ಎಂದರು. ಪೇತ್ರನ ಕಡೆಗೆ ಕರ್ತನೇ ತಿರುಗಿ ನೋಡಿದ. ಆ ನೋಟ ಹೇಗಿತ್ತು ಎಂದು ಲೂಕ ಬಿಡಿಸಿ ಹೇಳುವುದಿಲ್ಲ. ನಾನೂ ಊಹಿಸಲು ಹೋಗುವುದಿಲ್ಲ.

ಸೋತ ಮೇಲೆ ನಮಗೆ ಆಗುವ ಸಂಕಟದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಬಗ್ಗೆ ನಮಗಾದ ನಿರಾಸೆ. 'ನಾನು ಇಂಥವಳು ಅಂತ ಅಂದುಕೊಂಡಿರಲಿಲ್ಲ.' ಅಂದರೆ ನಾವು ನಂಬಿಕೊಂಡದ್ದು ನಮ್ಮನ್ನೇ. ನಾವು ಇಂಥವರು ಎಂದು ಕ್ರಿಸ್ತನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಆ ರಾತ್ರಿ ರೊಟ್ಟಿ ಮುರಿದು ಅವರ ಕೈಗೆ ಕೊಟ್ಟ. ಇನ್ನು ಕೆಲವೇ ಗಂಟೆಗಳಲ್ಲಿ ಓಡಿಹೋಗುವವರ ಕೈಗೆ. ಇದನ್ನು ಯಾಕೆ ಹೇಳುತ್ತೇನೆಂದರೆ, 'ಈ ಸಲ ಪ್ರಭುಭೋಜನಕ್ಕೆ ಹೋಗಲ್ಲ, ಯೋಗ್ಯತೆ ಇಲ್ಲ' ಎಂದು ಹಿಂದಿನ ಬೆಂಚಿನಲ್ಲೇ ಉಳಿದುಬಿಡುವವರು ನಮ್ಮಲ್ಲಿ ಇದ್ದಾರೆ. ನೋಡಲು ಅದು ತುಂಬ ದೀನತೆ. ಯೋಗ್ಯತೆ ಬಂದ ಮೇಲೆ ಹೋಗುತ್ತೇನೆ ಎನ್ನುವುದರಲ್ಲಿ ಮಾತ್ರ ದೀನತೆ ಇಲ್ಲ. ಅದು ಅದೇ ಹಳೆಯ ನಂಬಿಕೆ, ನನ್ನ ಮೇಲೆ ನನಗಿರುವ ನಂಬಿಕೆ.

ಯೇಸು ಸತ್ತು ಮತ್ತೆ ಎದ್ದು ಬಂದ ಮೇಲಿನ ಕೆರೆಯ ದಡದ ಕಥೆಗೆ ಹೋಗೋಣ. ಅಲ್ಲೂ ಕೆಂಡದ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಪ್ರಶ್ನೆ. ನನ್ನ ಕುರಿಗಳನ್ನು ಮೇಯಿಸು ಎಂದು ಮೂರು ಸಲ ಅಪ್ಪಣೆ. ಇನ್ನು ಮೇಲೆ ಹೀಗೆ ಮಾಡುವುದಿಲ್ಲ ಎಂದು ಆಣೆ ಹಾಕು ಎಂದು ಯೇಸು ಒಂದು ಸಲವೂ ಕೇಳಲಿಲ್ಲ. ಇಲ್ಲಿಗೆ ನಾವು ಪೇತ್ರನ ಸಾಕ್ಷಿ, ಅಂದರೆ ದೇವರು ಅವನನ್ನು ಎತ್ತಿ ನಿಲ್ಲಿಸಿದ ಕಥೆ, ಮುಗಿಸಿ 'ಹಲ್ಲೆಲೂಯಾ' ಎನ್ನುತ್ತೇವೆ.

ಆದರೆ ಬೈಬಲ್ ಮುಗಿಸುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ತೆಗೆಯಿರಿ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ಹಬ್ಬ ಆಗಿ ಎಷ್ಟೋ ವರ್ಷವಾಗಿದೆ. ಪೇತ್ರ ಈಗ ಸಭೆಯ ಸ್ತಂಭ. ಅಂತಿಯೋಕ್ಯದಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿದ್ದಾನೆ. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದರು. ಅವರು ಏನಂದುಕೊಳ್ಳುತ್ತಾರೋ ಎಂದು ಹೆದರಿ ಪೇತ್ರ ಪಂಕ್ತಿಯಿಂದ ಎದ್ದು ದೂರವಾದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಬಾರ್ನಬನೂ ಎದ್ದ. ಪೌಲ ಎಲ್ಲರ ಎದುರಿಗೇ ಮುಖಕ್ಕೆ ಹೊಡೆದ ಹಾಗೆ ಗದರಿಸಬೇಕಾಯಿತು. ಅದೇ ಪೇತ್ರ, ಅದೇ ಬಲಹೀನತೆ: ನಾಲ್ಕು ಜನ ಏನಂದಾರು ಎನ್ನುವ ಭಯ. ಪಂಕ್ತಿಭೇದ ಎಂದರೇನು ಎಂದು ಈ ಸೀಮೆಯಲ್ಲಿ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಭೆಯೊಳಗೂ ಮದುವೆ ಸಂಬಂಧ ನೋಡುವಾಗ ಯಾರ ಕಡೆಯವರು, ಯಾವ ಊರಿನ ಯಾವ ಕೇರಿಯವರು ಎಂದು ಮೆತ್ತಗೆ ವಿಚಾರಿಸುವುದು ನಿಮಗೂ ಗೊತ್ತು, ನನಗೂ ಗೊತ್ತು.

ವೆಸ್ಲಿಯವರ ಕಥೆಯನ್ನೂ ನಾವು ಹೀಗೇ ಬೇಗ ಮುಗಿಸುತ್ತೇವೆ. ಅವರು ಅಮೆರಿಕದ ಜಾರ್ಜಿಯಾಕ್ಕೆ ಹೋದದ್ದು ಅಲ್ಲಿನ ಮೂಲನಿವಾಸಿಗಳಿಗೆ ಸುವಾರ್ತೆ ಸಾರುತ್ತೇನೆಂದು. ಅದು ಆಗಲಿಲ್ಲ. ಮನಸ್ಸಿನಲ್ಲಿದ್ದ ಹುಡುಗಿ ಬೇರೊಬ್ಬರನ್ನು ಮದುವೆಯಾದಳು. ಇವರು ಆಕೆಗೆ ಪ್ರಭುಭೋಜನ ನಿರಾಕರಿಸಿದರು. ಅದು ಕೋರ್ಟಿಗೆ ಹೋಯಿತು. 1737ರ ಡಿಸೆಂಬರಿನಲ್ಲಿ ರಾತ್ರಿ ಹೊತ್ತು ಊರು ಬಿಟ್ಟು ಬರಬೇಕಾಯಿತು. ಹಿಂದಿರುಗುವ ಹಡಗಿನಲ್ಲಿ ದಿನಚರಿಯಲ್ಲಿ ಬರೆದುಕೊಂಡರು: ಅವರನ್ನು ಪರಿವರ್ತಿಸಲು ಹೋದೆ, ನನ್ನನ್ನು ಪರಿವರ್ತಿಸುವವರು ಯಾರು? ಆಮೇಲೆ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟ. ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಪೀಠಿಕೆಯನ್ನು ಯಾರೋ ಓದುತ್ತಿದ್ದಾಗ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾಯಿತು, ಕ್ರಿಸ್ತನನ್ನು ಮಾತ್ರ ನಂಬಿದ್ದೇನೆ ಎನ್ನಿಸಿತು. ಸಾಕ್ಷಿ ಎಂದರೆ ಹೀಗಿರಬೇಕು, ಟೈಮು ಸಮೇತ! ಆದರೆ ಮುಂದಿನ ಜನವರಿ 4ರ ದಿನಚರಿಯನ್ನು ನಾವು ಯಾರೂ ಓದುವುದಿಲ್ಲ. ನಾನು ಈಗ ಕ್ರೈಸ್ತನಲ್ಲ ಎಂದು ಅದೇ ವೆಸ್ಲಿ ಬರೆಯುತ್ತಾರೆ, 1739ರಲ್ಲಿ. ಬೆಚ್ಚಗಾಗಿದ್ದ ಎದೆ ತಣ್ಣಗಾಗಿತ್ತು. ಅದಾದ ಮೇಲೂ ಐವತ್ತು ವರ್ಷ ಕುದುರೆಯ ಮೇಲೆ ಊರೂರು ತಿರುಗಿ ಸಾರಿದರು.

ನಮ್ಮ ಮನೆಕೂಟಗಳಲ್ಲಿ ಸಾಕ್ಷಿ ಹೇಳಲು ಎದ್ದವರು ಸೋಲನ್ನು ಯಾವಾಗಲೂ ಭೂತಕಾಲದಲ್ಲೇ ಹೇಳಬೇಕು ಎನ್ನುವ ಅಲಿಖಿತ ನಿಯಮ ಒಂದಿದೆ. 'ಮುಂಚೆ ಕುಡಿಯುತ್ತಿದ್ದೆ', 'ಮುಂಚೆ ತುಂಬಾ ಕೋಪ ಇತ್ತು'. ಹೋದ ಮಂಗಳವಾರ ಕುಡಿದೆ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಪಕ್ಕದವರು ಕೆಮ್ಮುತ್ತಾರೆ. ಇದರಿಂದ ಏನಾಗುತ್ತದೆ? ಸೋಲುತ್ತಿರುವವರು ತಮ್ಮೊಬ್ಬರಿಗೇ ಹೀಗೆ ಎಂದುಕೊಂಡು ಮೆಲ್ಲಗೆ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. ಕ್ರಿಸ್ತ ಬೇಕಾದದ್ದು ಒಂದು ದಿನದ ಮಟ್ಟಿಗೆ, ಆಮೇಲಿನದನ್ನು ನಾವೇ ನೋಡಿಕೊಂಡೆವು ಎನ್ನುವಂತಿರುತ್ತವೆ ನಮ್ಮ ಸಾಕ್ಷಿಗಳು.

ಇಲ್ಲಿಂದ ಬಸ್ಸು ಹಿಡಿದರೆ ಮೇಲುಕೋಟೆ. ರಾಮಾನುಜರ ಸಂಪ್ರದಾಯದಲ್ಲಿ ಒಂದು ಹಳೆಯ ವಾದ ಇದೆ, ನಿಮ್ಮ ನೆರೆಹೊರೆಯ ಅಯ್ಯಂಗಾರ್ ಮನೆಯ ಹಿರಿಯರನ್ನು ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ. ಕೋತಿ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿದುಕೊಂಡಿರಬೇಕು, ಹಿಡಿತ ಬಿಟ್ಟರೆ ಬಿತ್ತು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ದೇವರ ರಕ್ಷಣೆ ಯಾವ ಬಗೆಯದು ಎಂದು ವಡಕಲೈ, ತೆಂಕಲೈ ಎರಡು ಪಂಗಡದವರು ವಾದಿಸಿದರು; ವಡಕಲೈನವರದು ಕೋತಿ ಮರಿ, ತೆಂಕಲೈನವರದು ಬೆಕ್ಕಿನ ಮರಿ. ಅವರು ಹೇಳುವುದೂ ನಾವು ಹೇಳುವುದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅವರಿಗೂ ಅನ್ಯಾಯ, ನಮಗೂ ಅನ್ಯಾಯ. ಆದರೆ ಪ್ರಶ್ನೆ ನಮ್ಮದೂ ಹೌದು: ಬೀಳುವ ಹೊತ್ತಿನಲ್ಲಿ ಹಿಡಿತ ಯಾರದು? ನನ್ನ ಕೈ ಜಾರುತ್ತದೆ ಎಂದು ನನಗೆ ಗೊತ್ತಾಗಿಹೋಗಿದೆ. ಪೇತ್ರ ನೀರಿನ ಮೇಲೆ ಮುಳುಗಲು ಶುರುವಾದಾಗ ಯೇಸು ಕೈ ಚಾಚಿ ಅವನನ್ನು ಹಿಡಿದ ಎಂದು ಮತ್ತಾಯ ಬರೆದಿದ್ದಾನೆ. ಪೇತ್ರ ಮಾಡಿದ್ದು ಒಂದೇ, ಕೂಗಿದ್ದು.

ಹಾಗಾದರೆ ನಾವು ಏನೂ ಮಾಡಬೇಕಾಗಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಕೃಪೆ ಹೆಚ್ಚಲಿ ಎಂದು ಪಾಪದಲ್ಲೇ ಇರೋಣವೇ ಎಂದು ಪೌಲನನ್ನೂ ಕೇಳಿದವರಿದ್ದರು. ಎಂದಿಗೂ ಇಲ್ಲ ಎಂದ. ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ. ಆದರೆ ಯೇಸು ಅವನ ಮನೆಗೆ ಬರುತ್ತೇನೆ ಎಂದದ್ದು ಅದಕ್ಕೆ ಮುಂಚೆ.

ಆ ತಂಗಿಗೆ ನಾನು ಹೇಳಿದ್ದು ಇಷ್ಟು. ಪ್ರಾರ್ಥನೆ ಬಿಡಬೇಡಿ, ಆದರೆ 'ರೇಗದ ಹಾಗೆ ಕಾಪಾಡು' ಎಂದು ಬೇಡಿಕೊಂಡು ಆಮೇಲೆ ಇಡೀ ದಿನ ನಿಮ್ಮನ್ನೇ ಕಾವಲು ಕಾಯುತ್ತಾ ಕೂರಬೇಡಿ. ತನ್ನನ್ನೇ ಕಾಯುವವರಿಗೆ ಅರ್ಧ ಸಿಟ್ಟು ಅಲ್ಲೇ ಬಂದಿರುತ್ತದೆ. ರೇಗಿದಿರಿ ಅಂತಿಟ್ಟುಕೊಳ್ಳಿ. ಬೆಡ್‌ಶೀಟು ಒಗೆದು, ಅತ್ತು, ಸಂಜೆ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿ, ಮಾರನೇ ದಿನದವರೆಗೆ ಕಾದು ಆಮೇಲೆ ಮುಖ ಕೊಟ್ಟು ಮಾತಾಡುವುದು ಬೇಡ. ಸೆರಗಿನಲ್ಲಿ ಕೈ ಒರೆಸಿಕೊಂಡು ಆಗಲೇ ಹೋಗಿ, 'ತಪ್ಪಾಯ್ತು ಅತ್ತೆ' ಅನ್ನಿ. ಮುದುಕಿ ಇನ್ನೂ ಮುಖ ತಿರುಗಿಸಿಕೊಂಡೇ ಇದ್ದರೂ ಅನ್ನಿ. ದೇವರ ಹತ್ತಿರ ಹೋಗಲು ಸಂಜೆಯವರೆಗೆ ಶಿಕ್ಷೆ ಅನುಭವಿಸಿ ಅರ್ಹತೆ ಗಳಿಸಬೇಕಾಗಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎನ್ನುವ ವಾಕ್ಯ ನಮ್ಮ ಎಷ್ಟೋ ಮನೆಯ ಗೋಡೆಗಳ ಮೇಲಿದೆ. ಪೌಲ ಅದನ್ನು ಕೇಳಿಸಿಕೊಂಡದ್ದು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡು, ಅದು ಹೋಗದೆ ಉಳಿದಾಗ.

ಇನ್ನೊಂದು ಮಾತು ಅವರಿಗಲ್ಲ, ನಮಗೆ. ಆ ಮನೆಗೆ ನಮ್ಮ ಕೂಟದವರು ಹೋಗಿ ಹಾಡು ಹಾಡಿ, ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಬಂದಿದ್ದಾರೆ. ಕಾಫಿ ಮಾಡಿದವರೂ ಅವರೇ, ಲೋಟ ತೊಳೆದವರೂ ಅವರೇ. ವಾರಕ್ಕೊಂದು ಮಧ್ಯಾಹ್ನ ಯಾರಾದರೂ ಅತ್ತೆಯ ಪಕ್ಕ ಕೂತರೆ ಆಕೆ ಎರಡು ಗಂಟೆ ನಿದ್ದೆ ಮಾಡಿಯಾರು. ಪೇತ್ರ ಪಂಕ್ತಿ ಬಿಟ್ಟೆದ್ದದ್ದನ್ನು ಬರೆದ ಅದೇ ಪತ್ರಿಕೆಯ ಕೊನೆಯಲ್ಲಿ ಪೌಲ ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎನ್ನುತ್ತಾನೆ. ಕ್ರಿಸ್ತನ ಮೇಲೆ ಭಾರ ಹಾಕಿ ಎಂದು ಬೇರೆಯವರಿಗೆ ಹೇಳುವುದು ಸುಲಭ. ಆ ಭಾರದಲ್ಲಿ ಒಂದು ಪಾಲು ಬಂದು ಬೀಳುವುದು ಅವನ ಸಭೆಯ ಹೆಗಲ ಮೇಲೆ.

ಇದುವರೆಗೆ ಪಾಪದ ಸೋಲಿನ ಮಾತಾಯಿತು. ಕೆಲಸದ ಸೋಲೂ ಒಂದಿದೆ. ಒಳ್ಳೆಯ ಉದ್ದೇಶದಿಂದ ಶುರು ಮಾಡಿದ ಕೆಲಸ ನೆಲ ಕಚ್ಚುವುದು. ಅದಕ್ಕೆ ದೂರ ಹೋಗಬೇಕಾ? ಗಂಜಾಮಿಗೆ ಹೋಗಿ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರಿನ ಚರ್ಚು ಅಲ್ಲಿದೆ. ಈ ನಾಡಿನ ಬಟ್ಟೆ ಉಟ್ಟು, ಈ ನಾಡಿನ ಊಟ ಉಂಡು, ಜನರಿಂದ ದೊಡ್ಡ ಸ್ವಾಮಿಯವರು ಎನ್ನಿಸಿಕೊಂಡವರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಓಡಾಡಿದರು. ಹಾಸನದ ಸೀಮೆಯ ಸಾತಳ್ಳಿಯಲ್ಲಿ ನೆಲೆ ತಪ್ಪಿದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. 1792ರಲ್ಲಿ ಭಾರತಕ್ಕೆ ಬಂದವರು 1823ರಲ್ಲಿ ಹಿಂತಿರುಗಿದರು, ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಅವರು ಹಿಂತಿರುಗಿದ 1823ರಲ್ಲೇ ಲಂಡನ್ನಿನಲ್ಲಿ ಅವರ ಪತ್ರಗಳು ಅಚ್ಚಾದವು. ಅವುಗಳಲ್ಲಿ ದುಬ್ವಾ ತಮ್ಮ ಇಡೀ ಬದುಕಿನ ಲೆಕ್ಕ ಒಪ್ಪಿಸಿ ಸೋತೆ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರೋ ಮುನ್ನೂರೋ ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು, ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ನಿಜವಾದ ಮನಃಸಾಕ್ಷಿಯಿಂದ, ಯಾವ ಲಾಭವನ್ನೂ ನೋಡದೆ ಬಂದವರು ಒಬ್ಬರೂ ನೆನಪಿಗೆ ಬರುವುದಿಲ್ಲ ಎಂದು ನಾಚಿಕೆಯಿಂದ ಬರೆಯುತ್ತಾರೆ.

ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಮಿಷನ್ ವರದಿಗಳಲ್ಲಿ ಸೋಲನ್ನು ಇಷ್ಟು ನೇರವಾಗಿ ಬರೆದವರು ಕಡಿಮೆ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಸ್ಪೃಶ್ಯರು, ಭಿಕ್ಷುಕರು, ಹೊರಬಿದ್ದವರು. ಇದನ್ನು ಅವರು ನಷ್ಟದ ಕಾಲಮ್ಮಿನಲ್ಲಿ ಬರೆದರು. ಕೊರಿಂಥದ ಸಭೆಯಲ್ಲಿ ಲೋಕದ ದೃಷ್ಟಿಯಲ್ಲಿ ಜ್ಞಾನಿಗಳು ಬಹಳ ಮಂದಿ ಇಲ್ಲ, ಕುಲೀನರು ಬಹಳ ಮಂದಿ ಇಲ್ಲ ಎಂದು ಪೌಲನೂ ಒಂದು ಪಟ್ಟಿ ಬರೆದ. ಅವನು ಅದನ್ನು ನಾಚಿಕೆಗೆ ಬರೆದದ್ದಲ್ಲ. ಹೊಟ್ಟೆಗಿಲ್ಲದವನು ಅನ್ನದ ಆಸೆಗೆ ಬಂದ ಎನ್ನುತ್ತಾರೆ. ಬಂದಿರಬಹುದು. ರೊಟ್ಟಿ ತಿಂದು ತೃಪ್ತರಾದದ್ದರಿಂದ ನನ್ನನ್ನು ಹುಡುಕುತ್ತೀರಿ ಎಂದು ಯೇಸುವೂ ಜನರಿಗೆ ಹೇಳಿದ್ದ, ಆದರೂ ಅವರೊಂದಿಗೆ ಮಾತು ನಿಲ್ಲಿಸಲಿಲ್ಲ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನರ ಮುತ್ತಜ್ಜ ಮುತ್ತಜ್ಜಿಯರು ಅಂಥ ಪಟ್ಟಿಗಳಲ್ಲಿ ಇದ್ದವರು! ಶುದ್ಧ ಉದ್ದೇಶದಿಂದ ಬಂದವರು ಒಬ್ಬರೂ ಇಲ್ಲ ಎಂದು ಕೊರಗಿದ ಆ ಒಳ್ಳೆಯ ಮನುಷ್ಯ ಶಿಷ್ಯರ ಲೆಕ್ಕ ತೆಗೆದಿದ್ದರೂ ಅದೇ ಬರುತ್ತಿತ್ತು. ನಮ್ಮಲ್ಲಿ ಯಾರು ದೊಡ್ಡವರು ಎಂದು ಅವರು ಕಡೆಯ ರಾತ್ರಿಯ ಊಟದಲ್ಲೂ ಜಗಳ ಆಡಿದರು. ಯಾವುದು ಸೋಲು, ಯಾವುದು ಅಲ್ಲ ಎಂದು ತೀರ್ಮಾನಿಸುವ ನಮ್ಮ ಕಣ್ಣೂ ಬಲಹೀನವೇ. ಆದ್ದರಿಂದ ಅಬ್ಬೆ ದುಬ್ವಾ ಗೆದ್ದರು ಎಂದೂ ನಾನು ಹೇಳುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: 'ಅಂಕಲ್, ಒಂದೇ ತಪ್ಪಿಗೆ ಮತ್ತೆ ಮತ್ತೆ ಕ್ಷಮೆ ಕೇಳಿದ್ರೆ ದೇವರಿಗೆ ಬೇಜಾರಾಗಲ್ವಾ?' ಏಳೆಪ್ಪತ್ತು ಸಲ ಕ್ಷಮಿಸು ಎಂದು ನಮಗೆ ಹೇಳಿಕೊಟ್ಟವನು ತಾನು ಅದಕ್ಕಿಂತ ಕಡಿಮೆಗೆ ನಿಲ್ಲಿಸುತ್ತಾನಾ ಎಂದೆ. ಹುಡುಗನಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ. ಕೂಟ ಮುಗಿದ ಮೇಲೆ ಅವನ ಜೊತೆ ಹೊರಗೆ ನಿಂತು ಮಾತಾಡಿದೆ, ಅದು ನಮ್ಮಿಬ್ಬರ ನಡುವಿನದು.

ಇನ್ನೊಬ್ಬ ಅಕ್ಕ ಹಿಂದಿನ ಸಾಲಿನಿಂದ ಎದ್ದು ಕೇಳಿದರು. ಗಂಡ ಬೈಬಲ್ ಮುಟ್ಟಿ ಆಣೆ ಮಾಡಿ ಕುಡಿತ ಬಿಡುತ್ತಾರೆ, ಎರಡು ವಾರಕ್ಕೆ ಮತ್ತೆ ಶುರು. 'ನೀವು ಹೇಳೋದು ಕೇಳಿದ್ರೆ ನಾನು ಪ್ರತಿ ಸಲ ಅವರನ್ನ ನಂಬ್ಬೇಕು ಅಂತ ಆಯ್ತಲ್ಲ?'

ಇಲ್ಲ ಎಂದೆ. ನಂಬಬೇಕಾದದ್ದು ಕ್ರಿಸ್ತನನ್ನು, ಆಣೆಯನ್ನಲ್ಲ. ಇನ್ನು ಮೇಲೆ ಆಣೆ ಮಾಡಿಸಬೇಡಿ. ಮುರಿಯುವ ಆಣೆ ಒಂದೊಂದೂ ಅವರ ಎದೆಯ ಮೇಲೆ ಇನ್ನೊಂದು ಕಲ್ಲು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದಿನವೂ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ ಆಗಬಹುದು. ಅದು ನಂಬಿಕೆಯ ಕೊರತೆ ಅಲ್ಲ, ದೇಹದ ರೀತಿ. ನಮ್ಮ ಹಿರಿಯರು 1906ರಲ್ಲಿ ಇದೇ ಊರಿನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ್ದು ಪ್ರಾರ್ಥನೆ ಬಾರದೆ ಅಲ್ಲ. ಗಂಡನನ್ನು ಕ್ಷಮಿಸಿ, ಕ್ಷಮಿಸಲು ಆಗದ ದಿನ ಆಗಲಿಲ್ಲ ಎಂದು ಪ್ರಭುವಿಗೇ ಹೇಳಿ. ಕೈ ಎತ್ತಿದರೆ ಮಾತ್ರ ಆ ಮನೆಯಲ್ಲಿ ಒಂದು ರಾತ್ರಿಯೂ ಇರಬೇಡಿ, ಮಕ್ಕಳನ್ನು ಕರೆದುಕೊಂಡು ತವರಿಗೋ ಸಭಾಪಾಲಕರಾದ ಅಯ್ಯನವರ ಮನೆಗೋ ಬನ್ನಿ. ಸಂಬಳದ ಎಟಿಎಂ ಕಾರ್ಡು ನಿಮ್ಮ ಹತ್ತಿರವೇ ಇರಲಿ.

'ಅದು ಈಗ್ಲೂ ನನ್ ಹತ್ರಾನೇ ಇದೆ' ಎಂದರು ಆ ಅಕ್ಕ. ಹೆಂಗಸರ ಸಾಲಿನಲ್ಲಿ ಎಲ್ಲರೂ ನಕ್ಕರು.